ಮಂಚದ ಕೆಳಗಿನ ಸಮುದ್ರ

ನಮ್ಮ ಸೋದರಮಾವ ಮುಳುಗಿದ ಹಡಗಿನಿಂದ ಈಜಿ ದಡ ಸೇರಿದವರು, ಮೊಸಳೆಯ ಬಾಯಿಂದ ಪಂಚೆ ಬಿಡಿಸಿಕೊಂಡವರು, ನರಭಕ್ಷಕರ ಕೈಗೆ ಸಿಕ್ಕಿ ಅವರಿಗೇ ಹುಳಿ ಮಾಡುವುದನ್ನು ಕಲಿಸಿ ಬಂದವರು! ಇಷ್ಟೆಲ್ಲ ನಡೆದದ್ದು ಒಂಟಿಕೊಪ್ಪಲಿನ ಮನೆಯ ಹಜಾರದಲ್ಲಿ, ಬೆತ್ತದ ಕುರ್ಚಿ ಬಿಟ್ಟು ಏಳದೆ.

ಕಾರಣ, ಒಂದು ಹಳೆಯ ಕಾಮಿಕ್ಸ್ ಪುಸ್ತಕ. ಇಟ್ಟಿಗೆಯಷ್ಟು ದಪ್ಪ. ಮುಖಪುಟ ಎಂದೋ ಹರಿದುಹೋಗಿ ಅದರ ಹೆಸರು ಮಾವನಿಗೂ ಗೊತ್ತಿಲ್ಲ. ಅರ್ಧ ಸಾಹಸದ ಕಥೆಗಳು, ಅರ್ಧ ನಗೆಯವು. ಒಂದು ಪುಟದಲ್ಲಿ ಬಿರುಗಾಳಿಗೆ ಎದೆಯೊಡ್ಡಿದ ಕಪ್ತಾನ; ತಿರುವಿದರೆ, ಕೋಳಿಕಳ್ಳನನ್ನು ಹಿಡಿಯಲು ಹೋಗಿ ತಾನೇ ಗೂಡಿನಲ್ಲಿ ಸಿಕ್ಕಿಕೊಂಡ ದಫೇದಾರ. ಮನೆಗೆ ಯಾರೇ ಬರಲಿ, ಮಾವ ಇದನ್ನು ಓದಿ ಹೇಳಲೇಬೇಕು. ಗಾಳಿ, ಅಲೆ, ಕೋಳಿ ಎಲ್ಲದರ ದನಿಯೂ ಅವರದೇ!

ಒಮ್ಮೆ ಹೆಬ್ಬಾಳದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ನೆಂಟರೊಬ್ಬರು ಮಗಳ ಲಗ್ನಪತ್ರಿಕೆ ಕೊಡಲು ಬಂದರು. ಮೊಸಳೆಯ ಕಥೆ ಮುಗಿಯುವಷ್ಟರಲ್ಲಿ ಶಿಫ್ಟಿನ ಬಸ್ಸು ಹೊರಟುಹೋಗುವ ಹೊತ್ತಾಗಿತ್ತು. ಗಾಬರಿಯಲ್ಲಿ ಎದ್ದು ಓಡಿದರು, ಪತ್ರಿಕೆಯನ್ನೂ ಹಿಡಿದುಕೊಂಡೇ! ಮದುವೆಯೂಟ ತಪ್ಪಿದ್ದಕ್ಕೆ ಅತ್ತೆ ಇಂದಿಗೂ ಮೊಸಳೆಯನ್ನು ಬೈಯುತ್ತಾರೆ.

ಇನ್ನೊಮ್ಮೆ ಮಾವ ಫಿರಂಗಿ ಹಾರಿಸಿದ ಸದ್ದಿಗೆ ಗ್ಯಾಸ್ ಸಿಲಿಂಡರ್ ಸಿಡಿಯಿತೆಂದು ಪಕ್ಕದ ಮನೆಯವರು ಬಕೆಟ್ಟಿನಲ್ಲಿ ನೀರು ತುಂಬಿಕೊಂಡು ಓಡಿಬಂದರು.

“ಬನ್ರೀ ಬನ್ರೀ, ಸರಿಯಾದ ಹೊತ್ಗೇ ಬಂದ್ಬುಟ್ರಿ. ಹಡಗಿಗೆ ಬೆಂಕಿ ಬಿದ್ದಿದೆ!” ಎಂದರು ಮಾವ.

ಅತ್ತೆಗೆ ತಲೆ ಎತ್ತಲಾಗದಷ್ಟು ನಾಚಿಕೆ. “ಮಕ್ಳು ಓದೋ ಪುಸ್ತಕ ಕಣ್ರೀ ಅದು!”

“ಮಕ್ಳಿಗೆ ಪುರುಸೊತ್ತೆಲ್ಲಿದೆಯೇ? ಪಾಪ, ಟ್ಯೂಷನ್ನು.”

ಹೀಗಿರುವಾಗ ಅತ್ತೆಯ ಬಲಗಣ್ಣಿನ ಒಳಪದರ ಕಳಚಿಕೊಂಡಿತು. ಆಪರೇಷನ್ ಆಯಿತು. ಒಂದು ವಾರ ಮುಖ ಕೆಳಗೆ ಮಾಡಿಯೇ ಮಲಗಿರಬೇಕು, ದೃಷ್ಟಿ ಬರುತ್ತದೋ ಇಲ್ಲವೋ ಆಮೇಲೆ ನೋಡೋಣ ಎಂದರು ಡಾಕ್ಟರು. ಎಡಗಣ್ಣು ಮೊದಲೇ ಮಂಜು. ಟಿವಿ ಇಲ್ಲ, ಸುಡೊಕು ಇಲ್ಲ. ಅತ್ತೆ ಮಾತನ್ನೇ ಬಿಟ್ಟರು.

ನಾನು ನೋಡಲು ಹೋದಾಗ ಮಂಚದ ಕೆಳಗಿನಿಂದ ಎರಡು ಪಾದಗಳು ಚಾಚಿಕೊಂಡಿದ್ದವು! ಬಗ್ಗಿ ನೋಡಿದೆ. ಅತ್ತೆಯ ತಲೆ ಮಂಚದ ಅಂಚಿಗಿಟ್ಟ ದಿಂಬಿನಾಚೆ ಬೋರಲು. ಅದರ ನೇರ ಕೆಳಗೆ ಚಾಪೆಯ ಮೇಲೆ ಮಾವ ಅಂಗಾತ, ಎದೆಯ ಮೇಲೆ ಪುಸ್ತಕ. ದಫೇದಾರ ಗೂಡಿನಲ್ಲಿ ಮೊಟ್ಟೆಯ ಮೇಲೆ ಕೂತಿದ್ದ.

“ನಗಿಸ್ಬೇಡಿ ಕಣ್ರೀ, ಕಣ್ಣು ಜಗ್ಗತ್ತೆ!”

“ಸರಿ ಬುಡು, ಸಮುದ್ರಕ್ಕೆ ಹೋಗೋಣ.”

“ಎಂಗಿದೆ ಸಮುದ್ರ?”

ಮಾವ ಹೇಳತೊಡಗಿದರು. ಕೆಆರ್‌ಎಸ್ ಅಣೆಕಟ್ಟಿನ ಹಿನ್ನೀರನ್ನು ನೂರು ಸಲ ಪಕ್ಕಪಕ್ಕಕ್ಕೆ ಸುರಿದಷ್ಟು ನೀರು, ಅದರ ಮೇಲೆ ಬೆಳಗಿನ ಬಿಸಿಲು, ಚಾಮುಂಡಿಬೆಟ್ಟದೆತ್ತರದ ಅಲೆ, ತುದಿಯಲ್ಲಿ ಕಡೆದ ಬೆಣ್ಣೆಯಂಥ ನೊರೆ. ಅತ್ತೆ ಉಸಿರು ಹಿಡಿದು ಕೇಳಿದರು.

ಆಮೇಲೆ ಮಾವ ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದರು. “ಅವಳಿಗೆ ಕಾಣ್ದೇ ಹೋದ್ರೆ ಎಂಗೋ?” ಎಂದರು, ಮೆಲ್ಲಗೆ.

ಕೆಲವು ವಾರಗಳಲ್ಲಿ ಅತ್ತೆಯ ಕಣ್ಣು ನಿಧಾನವಾಗಿ ತಿಳಿಯಾಯಿತು. ಹೊಸ ಕನ್ನಡಕ ಬಂದ ದಿನ ಅವರು ಮೊದಲು ಕೇಳಿದ್ದು ಆ ಪುಸ್ತಕವನ್ನು. ಪುಟ ತಿರುವಿ ಸಮುದ್ರ ಹುಡುಕಿದರು. ಬೆಂಕಿಪೊಟ್ಟಣದಷ್ಟು ಚೌಕ, ಒಳಗೆ ನಾಲ್ಕು ಮಾಸಿದ ನೀಲಿ ಗೆರೆ.

“ಇಷ್ಟೇನಾ?” ಎಂದರು ಅತ್ತೆ. “ನೀವು ತೋರ್ಸಿದ್ದು ಭಾಳ ದೊಡ್ದಿತ್ತು ಕಣ್ರೀ.”

ಅತ್ತೆ ಪುಸ್ತಕ ಮಡಚಿಟ್ಟು ಮಾವನ ಮುಖವನ್ನೇ ನೋಡುತ್ತ ಕೂತರು. ಆಮೇಲೆ ಅವರ ಕೆನ್ನೆ ಸವರಿ ಹೇಳಿದರು:

“ಗಡ್ಡ ಎಲ್ಲ ಬೆಳ್ಳಗಾಗ್ಬುಟ್ಟಿದೆಯಲ್ರೀ.”