ಮೇಲಿನ ಹಲ್ಲು, ಎದುರಿನ ಬಸ್ಸು

ನನ್ನ ಕಾಕಾನಿಗೆ ಮನುಷ್ಯರ ಮುಖ ಗುರುತಿರುವುದಿಲ್ಲ. ಮುಖವೆಂದರೆ ಹಲ್ಲುಗಳಿಗೆ ಬಿಸಿಲು ತಾಗದಿರಲೆಂದು ದೇವರು ಕಟ್ಟಿಸಿದ ಪಡಸಾಲೆ ಎಂದೇ ಅವನ ತಿಳುವಳಿಕೆ. ಗದಗಿನಲ್ಲಿ ಹಲ್ಲಿನ ದವಾಖಾನೆ ಇಟ್ಟುಕೊಂಡು ಒಂದು ತಲೆಮಾರಿನ ಬಾಯಿ ತೆರೆಸಿದ ಮನುಷ್ಯ ಅವನು. ಪಡಸಾಲೆ ನೋಡುತ್ತ ನಿಲ್ಲಲು ಅವನಿಗೆಲ್ಲಿ ಪುರುಸೊತ್ತು?

ಲಕ್ಷ್ಮೇಶ್ವರದಲ್ಲೊಂದು ಮದುವೆ. ಒಬ್ಬರು ಕೈಮುಗಿದು ಎದುರಿಗೆ ಬಂದು, "ಗುರ್ತ ಹತ್ತಿತಿಲ್ಲೋ?" ಎಂದರು. ಕಾಕಾ ಅವರನ್ನು ಸುಣ್ಣ ಹೊಡೆದ ಗೋಡೆಯನ್ನು ನೋಡುವಂತೆ ನೋಡಿದ. ಅವರು ಪೆಚ್ಚಾಗಿ ನಕ್ಕರು. ತಕ್ಷಣ ಕಾಕಾನ ಕಣ್ಣು ಅರಳಿತು.

"ಅಯ್ಯ, ಎಡಕಿನ ಕೆಳಗಿನ ದವಡಿ! ಹೆಂಗೈತ್ರಿ ಈಗ? ತಣ್ಣೀರು ಕುಡದ್ರ ಜುಂ ಅಂತೈತೇನು?"

ಆ ಎಡಕಿನ ಕೆಳಗಿನ ದವಡೆ ಬೇರೆ ಯಾರೂ ಅಲ್ಲ, ಕಾಕಾನ ಹೆಂಡತಿ, ಅಂದರೆ ನನ್ನ ಕಾಕುವಿನ ಒಡಹುಟ್ಟಿದ ತಮ್ಮ.

ಊರೆಲ್ಲ ಮಾಸ್ಕ್ ಹಾಕಿಕೊಂಡ ಆ ಕಾಲದಲ್ಲಂತೂ ಕಾಕಾ ಹುಟ್ಟಿದೂರಿನಲ್ಲೇ ಪರದೇಶಿಯಾಗಿಬಿಟ್ಟ. ಸಂತೆಯಿಂದ ಮಾಸ್ಕಿನಲ್ಲಿ ಮರಳಿದ ಕಾಕುವಿಗೆ ಬಾಗಿಲು ತೆರೆದು "ಯಾರು ಬೇಕಾಗಿತ್ರಿ?" ಎಂದು ಕೇಳಿದನಂತೆ. ಕಾಕಾ ಹಾಗೇನೂ ಕೇಳಿಲ್ಲ ಎನ್ನುತ್ತಾನೆ. ನಾನು ದಿನಚರಿ ಬರೆಯುವವಳು. ಅದರಲ್ಲಿ ಕೇಳಿದನೆಂದೇ ಇದೆ. ಆದರೆ ನನ್ನ ದಿನಚರಿಯನ್ನು ನಾನೇ ಪೂರ್ತಿ ನಂಬುವುದಿಲ್ಲ. ಕಂಡದ್ದನ್ನೂ ಕೇಳಿದ್ದನ್ನೂ ಅದು ಒಂದೇ ಶಾಯಿಯಲ್ಲಿ ಬರೆದುಬಿಡುತ್ತದೆ.

ಕಾಕುವಿನ ಮಾತಿಗೆ ಮಾತ್ರ ಎದುರಿಲ್ಲ. "ನನ್ನ ನೋಡಾಕ ಬಂದಾಗ ನಾ ಒಮ್ಮಿ ನಕ್ಕೆ. ಅಷ್ಟ ನೋಡಿದ್ರು. ಮನಿಗೆ ಹೋದ ಮ್ಯಾಲ, ಹುಡಿಗಿ ಹೆಂಗದಾಳೋ ಅಂತ ಇವರ ಅವ್ವ ಕೇಳಿದ್ರ 'ಸಾಲು ಛಲೋ ಐತಿ' ಅಂದ್ರಂತ. ಅವತ್ತ ನಾ ನಗಲಿಲ್ಲಂದ್ರ ನಮ್ಮ ಲಗ್ನನ ಆಗತಿರಲಿಲ್ಲ."

ಹಲ್ಲು ಅವನಿಗೆ ಏನನ್ನೆಲ್ಲ ಹೇಳುತ್ತದೆ ಎಂಬುದು ನಮಗೆ ತಿಳಿಯದು. ಒಮ್ಮೆ ಬಸ್ಸಿನಲ್ಲಿ ಪಕ್ಕದಾತ ತಾನು ಹೊಳೆದಂಡೆಯ ಹಮ್ಮಿಗಿಯವನೆಂದು ಹೇಳಿ ಆಕಳಿಸಿದ. ಕಾಕಾ ಒಳಗೆ ಇಣುಕಿ, "ಈಗ ಹಮ್ಮಿಗಿ ಇರಬಹುದು. ಸಣ್ಣಾಂವಿದ್ದಾಗ ನೀವು ಹೊಳಿ ನೀರು ಕುಡದಿಲ್ಲ, ಬ್ಯಾರೆ ಊರಿನ ಬೋರಿನ ನೀರು ಕುಡದೀರಿ. ಹಲ್ಲಿನ ಮ್ಯಾಲ ಕಂದು ಗೆರಿ ಅದಾವ" ಎಂದ. ನಿಜವೇ. ಆತ ಹಮ್ಮಿಗಿಗೆ ದತ್ತಕ ಬಂದವನು. ಪಾಪ, ಬಾಯಿ ಮುಚ್ಚಿಕೊಂಡವನು ಗದಗ ಬರುವವರೆಗೂ ತೆರೆಯಲಿಲ್ಲ. ಒಳಗೆ ಇನ್ನೂ ಏನೇನು ಬರೆದಿದೆಯೋ ಎಂಬ ಅಂಜಿಕೆ.

ಆದರೆ ಕಾಕಾನ ಖರೆ ಹುಚ್ಚು ಇದಲ್ಲ, ಉತ್ತರ ಕೊಡುವುದು. ಅದೂ ರೋಗಿಯ ಬಾಯಿಗೆ ಹತ್ತಿ ತುರುಕಿದ ಮೇಲೆಯೇ ಅವನಿಗೆ ಉತ್ತರಗಳು ಉಕ್ಕುತ್ತವೆ. ರೋಗಿ ಮಾತಾಡುವಂತಿಲ್ಲವಾದ್ದರಿಂದ ಪ್ರಶ್ನೆಯನ್ನೂ ಅವನೇ ಕೇಳಿಕೊಳ್ಳುತ್ತಾನೆ. "ಈಗ ನೀವು ಏನ ಕೇಳಬೇಕಂತೀರಿ ಅಂದ್ರ…" ಎಂದು ಶುರುಮಾಡುತ್ತಾನೆ. ರೋಗಿ ನೋವಿಗೆ "ಆಂ" ಎಂದರೆ "ಹಾಂ, ಅದನ್ನ ಹೇಳಾಕತ್ತೀನಿ" ಎನ್ನುತ್ತಾನೆ. ಇನ್ನೊಬ್ಬರ ಉತ್ತರಕ್ಕಾಗಿ ಅವನು ಕಾದದ್ದನ್ನು ನಾನು ಕಂಡಿರಲಿಲ್ಲ.

ಹಲ್ಲು ಸ್ವಚ್ಛ ಮಾಡಿಸಿದರೆ ಸಡಿಲಾಗುತ್ತವೆಯೇ? "ಹುತ್ತ ಹತ್ತಿದ ಗ್ವಾಡಿಯೊಳಗಿಂದ ಹುತ್ತ ಕೆಡವಿದ್ರ ಗ್ವಾಡಿ ಅಳ್ಳಾಡತೈತಿ. ತಪ್ಪು ಕೆಡವಿದವಂದೋ, ಹುತ್ತ ಬೆಳೆಸಿದವಂದೋ?"

ಯಾವ ಪೇಸ್ಟು ಒಳ್ಳೆಯದು? ಇದನ್ನು ಕೇಳಿದ ರೈತನಿಗೆ ಕಾಕಾ ತಿರುಗಿ ಕೇಳಿದ, "ನೀವು ಹೊಲಾ ಯಾವ ಕಂಪನಿ ಕುಂಟಿಲೆ ಹರಗತೀರಿ?"

"ಕುಂಟಿ ಯಾವದಾದ್ರೇನ್ರಿ, ಹೊತ್ತಿಗೆ ಸರಿಯಾಗಿ ಹರಗಬೇಕು."

"ಆತಲ್ಲ. ಮುಂಜಾನಿ ಒಮ್ಮಿ, ರಾತ್ರಿ ಒಮ್ಮಿ ಹರಗ್ರಿ."

ಹಾಲು ಹಲ್ಲು ಹೇಗೂ ಬೀಳುವಂಥವು, ಅವಕ್ಕೇಕೆ ಔಷಧ ಎಂದು ವಾದ ಹೂಡಿದ ಒಬ್ಬ ತಂದೆಗೆ ಅವನು ಕೊಟ್ಟ ಉತ್ತರ ಹೀಗೆ: "ಬಸ್ಸಿನ ಕಿಡಿಕ್ಯಾಗಿಂದ ಟಾವೆಲ್ ಒಗದು ಸೀಟು ಹಿಡೀತೀರಿಲ್ಲೋ? ಹಾಲ ಹಲ್ಲು ಅಂದ್ರ ಆ ಟಾವೆಲ್. ಖರೇ ಹಲ್ಲು ಬರೂ ಮಟಾ ಜಾಗಾ ಹಿಡಕೊಂಡು ಕುಂತಿರತೈತಿ. ಮೊದಲ ತಗದ್ರ ಪಕ್ಕದಾವ ಸರದು ಕುಂಡ್ರತಾವ. ಆಮ್ಯಾಲ ಬಂದಾಂವ ಎಲ್ಲಿ ಕುಂಡ್ರಬೇಕು, ಟಾಪ್ ಮ್ಯಾಲೇನು?" ತಂದೆ ಆ ದಿನವೇ ಮಗಳ ಹಲ್ಲು ತುಂಬಿಸಿಕೊಂಡು ಹೋದ.

ಇವೆಲ್ಲ ಚಿಲ್ಲರೆ ಪ್ರಶ್ನೆಗಳು. ಕಾಕಾ ಜನ್ಮವಿಡೀ ಕಾದಾಡಿದ್ದು ಒಂದೇ ಒಂದು ಪ್ರಶ್ನೆಯೊಂದಿಗೆ. ಅದು ಬೆಟಗೇರಿಯಿಂದ ಶಿರಹಟ್ಟಿಯವರೆಗೆ ಎಲ್ಲರ ನಾಲಿಗೆಯ ಮೇಲೂ ಇರುವಂಥದು: "ಮ್ಯಾಲಿನ ಹಲ್ಲು ತಗಸಿದ್ರ ಕಣ್ಣು ಹೋಗತಾವಂತ, ಖರೇನ್ರಿ?"

ಇದಕ್ಕೆ ಮಾತಿನ ಉತ್ತರ ನಡೆಯದೆಂದು ಅವನಿಗೆ ಬೇಗ ತಿಳಿಯಿತು. ಅವನ ದವಾಖಾನೆ ಇರುವುದು ಹಳೇ ಬಸ್ ಸ್ಟ್ಯಾಂಡಿನ ಎದುರಿನ ಮಹಡಿಯಲ್ಲಿ. ಕುರ್ಚಿಯನ್ನು ಕಿಟಕಿಗೆ ತಿರುಗಿಸಿ ಹಾಕಿಸಿದ. ಮೇಲಿನ ಹಲ್ಲು ಕೀಳುವ ಮುಂಚೆ ಎದುರಿಗೆ ನಿಂತ ಬಸ್ಸಿನ ಬೋರ್ಡು ಓದಿಸುವುದು, ಕಿತ್ತ ಮೇಲೆ ಮತ್ತೊಮ್ಮೆ ಓದಿಸುವುದು. "ಮುಂಡರಗಿ" ಎಂದವನು ಹಲ್ಲು ಹೋದ ಮೇಲೂ "ಮುಂಡರಗಿ" ಎಂದರೆ ವಿಜ್ಞಾನ ಗೆದ್ದಂತೆ. ನಡುವೆ ಬಸ್ಸು ಹೊರಟುಬಿಟ್ಟರೆ ಮಾತ್ರ ಪೇಚು. ಅಂಥ ಒಬ್ಬ "ಏನೂ ಕಾಣವಲ್ದ್ರಿ" ಎಂದು ಕೂಗಿದ್ದಕ್ಕೆ ಹೊರಗಿನ ಬೆಂಚು ಅರ್ಧ ಖಾಲಿಯಾಗಿತ್ತು.

ಅಡರಕಟ್ಟಿಯ ಮುದುಕಿಯೊಬ್ಬಳಿಗೆ ಓದಲು ಬರುತ್ತಿರಲಿಲ್ಲ. "ಹಂಗಾರ ಏನ ಕಾಣತೈತಿ ಅದನ್ನ ಹೇಳವಾ" ಎಂದ ಕಾಕಾ. ಮುದುಕಿ ಕೆಳಗೆ ನೋಡಿ, "ಹೂ ಮಾರಾಕಿ ಕುಂತಾಳ. ಮೊಳಾ ಹಾಕೂವಾಗ ಮೊಣಕೈ ಮಡಚಿ ಮೋಸಾ ಮಾಡಾಕತ್ತಾಳ" ಎಂದಳು. ಹಲ್ಲು ಬಂತು. ಹತ್ತಿ ಕಚ್ಚಿಕೊಂಡೇ ಮತ್ತೆ ಬಗ್ಗಿ ನೋಡಿ ತೀರ್ಪು ಕೊಟ್ಟಳು: "ಈಗೂ ಮೋಸಾನ ಮಾಡಾಕತ್ತಾಳ."

ಹೀಗಿರಲು ಒಂದು ಸಂಕ್ರಾಂತಿಯಲ್ಲಿ, ಎಳ್ಳು ಹಚ್ಚಿದ ಖಡಕ್ ಸಜ್ಜಿ ರೊಟ್ಟಿ ಕಡಿಯುವಾಗ, ಕಾಕಾನ ಬಲಗಡೆಯ ಮೇಲಿನ ದವಡೆ ಹಲ್ಲೇ ಸೀಳಿತು. ಬೇರೆಯವರಾಗಿದ್ದರೆ ಅಳುತ್ತಿದ್ದರು. ಕಾಕಾ ಲಾಟರಿ ಹತ್ತಿದವನಂತೆ ಎದ್ದು ನಿಂತ. "ಇಷ್ಟು ದಿನಾ ಮಂದಿ ಹಲ್ಲಿನ ಮ್ಯಾಲ ಸಾಕ್ಷಿ ಹೇಳಿದೆ. ಈಗ ನಂದ ಸಿಕ್ಕತು ನೋಡು." ತನ್ನ ಕೈಕೆಳಗಿನ ಕಿರಿಯ ಡಾಕ್ಟರಮ್ಮನಿಂದ ಅದನ್ನು ಕೀಳಿಸಿಕೊಂಡು, ಬಸ್ಸಿನ ಬೋರ್ಡು ಓದಿ, ಚಹಾದಂಗಡಿಯಲ್ಲಿ, ಸಂತೆಯಲ್ಲಿ, ಕಂಡಕಂಡವರಿಗೆ ಬಾಯಿ ತೆರೆದು ಖಾಲಿ ಜಾಗ ತೋರಿಸಿದ. "ನೋಡ್ರಿ, ಹಲ್ಲಿಲ್ಲ. ಕಣ್ಣೈತಿ."

ಮುಂದಿನ ಮಾತನ್ನು ಬರೆಯುವಾಗ ನನಗೆ ಹಿಂಜರಿಕೆ. ಯಾವಾಗ ಶುರುವಾಯಿತೆಂದು ಯಾರಿಗೂ ಸರಿಯಾಗಿ ನೆನಪಿಲ್ಲ. ನನಗೆ ನೆನಪಿರುವುದು ಶಿರಹಟ್ಟಿಯ ಮದುವೆಗೆ ಹೊರಟ ಕಾಕಾ ಮುಂಡರಗಿಯ ಬಸ್ಸು ಹತ್ತಿ ಅಲ್ಲಿಗೆ ಮುಟ್ಟಿದ ದಿನ. ಕಾಕು ಫೋನ್ ಮಾಡಿದರೆ, "ಇಲ್ಲೆ ಒಬ್ಬ ಪೇಶಂಟನ್ನ ನೋಡಿಕೊಂಡು ಹೋದ್ರಾತು ಅಂತ ಬಂದೆ" ಎಂದ.

"ಮದುವಿ ಶಿರಹಟ್ಟ್ಯಾಗ, ಪೇಶಂಟ್ ಮುಂಡರಗ್ಯಾಗ. ಊಟಾ ಎಲ್ಲಿ?" ಎಂದಳು ಕಾಕು.

ಆಮೇಲೆ ಅವನು ಇಕ್ಕಳ ಹಿಡಿಯುವುದನ್ನು ಬಿಟ್ಟ. ಮಣಿಕಟ್ಟು ನೋವೆಂದು ಹೇಳಿ ಎಲ್ಲವನ್ನೂ ಡಾಕ್ಟರಮ್ಮನಿಗೆ ಒಪ್ಪಿಸಿ, ತಾನು ಬರೀ ಉತ್ತರ ಕೊಡುತ್ತ ಕುಳಿತ. ಒಂದು ದಿನ ಕಾಕು ಬಾಗಿಲಲ್ಲಿ ನಿಂತು ನಕ್ಕಳು. ಬಾಯಿ ತುಂಬ, ಸಾಲೆಲ್ಲ ಕಾಣುವಂತೆ. ಕಾಕಾ ಅತ್ತ ತಿರುಗಿ, "ಯಾರ್ರಿ ಅದು?" ಎಂದ.

ಕಾಕು ಒಳಗೆ ಬಂದು ನನಗೆ ಫೋನ್ ಮಾಡಿದಳು.

ಯಾರಿಗೂ ತಿಳಿಯದಿರಲೆಂದು ಹುಬ್ಬಳ್ಳಿಗೆ ಹೋದೆವು. ಕಣ್ಣಿನ ಡಾಕ್ಟರರು ಹೇಳಿದ್ದು ಸಾದಾ ಮಾತು: ವಯಸ್ಸಿನ ಪೊರೆ, ಎರಡೂ ಕಣ್ಣಿಗಿದೆ, ಬಲಗಣ್ಣಿಗೆ ಬಲಿತಿದೆ, ತೆಗೆಸಿದರೆ ಚೆನ್ನಾಗಿ ಕಾಣುತ್ತದೆ, ತಡ ಮಾಡಬೇಡಿ. ಕಾಕಾ ತಲೆಯಾಡಿಸಿ ಎದ್ದು ಬಂದವನು ಮನೆಯಲ್ಲಿ ಬೇರೆಯೇ ರಾಗ ತೆಗೆದ.

"ನಾ ಮಾಡಿಸಂಗಿಲ್ಲ. ಕಣ್ಣಿಗೆ ಪಟ್ಟಿ ಹಾಕ್ಕೊಂಡು, ಕರೆ ಚಸ್ಮಾ ಏರಿಸ್ಕೊಂಡು ಕುಂತೆ ಅಂದ್ರ ಊರಾಗ ಒಂದ ಮಾತು. ಬಲಗಡೆ ಹಲ್ಲು ತಗಸಿದಾ, ಬಲಗಡೆ ಕಣ್ಣು ಹೋತು. ಮುಗೀತು. ಇನ್ನ ಈ ಊರಾಗ ಯಾರೂ ಮ್ಯಾಲಿನ ಹಲ್ಲು ತಗಸಂಗಿಲ್ಲ. ಕೊಳತ ಹಲ್ಲು ಇಟಗೊಂಡು, ಬಾವು ಬರಿಸ್ಕೊಂಡು ಒದ್ದಾಡತಾರ."

"ಕುರುಡಾಗಿ ಕುಂಡ್ರತೀರೇನು ಹಂಗಾರ?"

"ಕುಂಡ್ರತೀನಿ. ಹಲ್ಲಿಗೂ ಪೊರಿಗೂ ಸಂಬಂಧ ಇಲ್ಲ ಅಂತ ನನಗ ಗೊತ್ತೈತಿ, ನಿನಗ ಗೊತ್ತೈತಿ…"

"ನನಗೇನ ಗೊತ್ತಿಲ್ಲ" ಎಂದಳು ಕಾಕು.

ಕಾಕುವಿನ ಎಡಗಡೆಯ ಮೇಲಿನ ದವಡೆ ಹಲ್ಲು ಎಷ್ಟೋ ದಿನದಿಂದ ಹುಳುಕಾಗಿತ್ತು. ತಗಸು ಎಂದರೆ "ನಾಳಿ" ಎನ್ನುತ್ತಿದ್ದಳು. ಒಂದೇ ಮಗ್ಗುಲಲ್ಲಿ ಅಗಿಯುತ್ತಿದ್ದಳು. ಕಾಕಾ ಅದನ್ನು ಆಲಸ್ಯ ಎಂದುಕೊಂಡಿದ್ದ.

"ನೀ… ನೀನೂ ಅದನ್ನ ನಂಬೀ ಏನು?"

"ನಂಬೀನೋ ಬಿಟ್ಟೀನೋ, ಅಂಜಿಕಿ ಐತಿ. ಎಳೀ ಎಣಿಸಿ ಎಣಿಸಿ ಕಸೂತಿ ಹಾಕಾಕಿ ನಾ. ಕಣ್ಣ ಹೋದ್ರ ನನಗೇನ ಉಳೀತೈತಿ?" ಸೆರಗಿನ ಅಂಚನ್ನು ತಿರುವುತ್ತ ಮತ್ತೆ ಹೇಳಿದಳು, "ಮೊದಲ ನೀವು ಕಣ್ಣು ಮಾಡಿಸ್ಕೋರಿ. ಮಂದಿ ಏನರ ಅನ್ನಲಿ. ಆಮ್ಯಾಲ ನಾ ನಿಮ್ಮ ಕುರ್ಚ್ಯಾಗ ಕುಂಡ್ರತೀನಿ. ಸಂತಿ ದಿನಾ, ಬಾಗಲಾ ತಗದಿಟ್ಟು. ಎಲ್ಲಾರೂ ನೋಡಲಿ."

"ಅಂಜಿಕಿ ಐತಿ ಅಂದಿ?"

"ಐತಿ. ಅದಕ್ಕ ನಿಮ್ಮ ಕಣ್ಣು ಮೊದಲ ಅನ್ನಾಕತ್ತೀನಿ. ಇಬ್ಬರಾಗ ಒಬ್ಬರಿಗರ ಬಸ್ಸು ಕಾಣಬೇಕಲ್ಲ."

ಬಲಗಣ್ಣಿನ ಪೊರೆ ತೆಗೆಸಿದ್ದಾಯಿತು. ಕರಿ ಚಸ್ಮಾದ ಕಾಕಾ ದವಾಖಾನೆಗೆ ಬಂದ ದಿನವೇ ಅವನು ಹೇಳಿದ್ದೆಲ್ಲ ಅಕ್ಷರಶಃ ನಡೆಯಿತು. ಚಹಾದಂಗಡಿ ಮಾತಾಡಿತು, ಸಂತೆ ಮಾತಾಡಿತು. ಬೆಂಚಿನ ಮೇಲೆ ಕೆಳಗಿನ ಹಲ್ಲಿನವರು ಮಾತ್ರ ಉಳಿದರು. ಮೇಲಿನವರು ಮೆಟ್ಟಿಲಲ್ಲೇ ತಿರುಗಿ ಹೋದರು. ಅಡರಕಟ್ಟಿಯ ಮುದುಕಿ ಇನ್ನೊಂದು ಮೇಲಿನ ಹಲ್ಲು ಕೀಳಿಸಲು ಬಂದವಳು ಚಸ್ಮಾ ಕಂಡು, "ನಾ ಸಂತಿಗೆ ಬಂದಾಗ ಬರತೀನೋ ಯಪ್ಪಾ" ಎಂದು ಎದ್ದಳು.

ಆ ಸಂತೆಯ ದಿನವೇ ಕಾಕು ನನ್ನನ್ನೂ ಕರೆದುಕೊಂಡು ಬಂದಳು. ಮೈಮೇಲೆ ತಾನೇ ಕಸೂತಿ ಹಾಕಿದ ಸೀರೆ, ಕೈಯಲ್ಲಿ ಒಂದು ಸಣ್ಣ ಚೀಲ. ಮುದುಕಿ ಬೆಂಚಿನ ತುದಿಯಲ್ಲಿ, ಓಡಲು ಅನುಕೂಲವಾಗುವಂತೆ ಕುಳಿತಿದ್ದಳು. ಬಾಗಿಲು ತೆರೆದೇ ಇತ್ತು. ಕುರ್ಚಿಯಲ್ಲಿ ಕುಳಿತ ಕಾಕು ಯಾರೂ ಕೇಳುವ ಮೊದಲೇ ಗಟ್ಟಿಯಾಗಿ ಓದಿದಳು: "ಲಕ್ಷ್ಮೇಶ್ವರ. ಡ್ರೈವರ್ ಇಲ್ಲ, ಚಹಾ ಕುಡಿಯಾಕ ಹೋಗ್ಯಾನ." ಅವಳ ಒಂದು ಕೈ ಚೀಲವನ್ನು, ಇನ್ನೊಂದು ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದಿತ್ತು.

ಕರಿ ಚಸ್ಮಾ ತೆಗೆಯಬಹುದೆಂದು ಹುಬ್ಬಳ್ಳಿಯವರು ಹೇಳಿದ್ದು ಅಂದಿನಿಂದ. ಕಾಕಾ ಅದನ್ನು ತೆಗೆದು ಜೇಬಿಗಿಟ್ಟ. ಇಕ್ಕಳ ಎತ್ತಿಕೊಂಡ. ಕಾಕುವಿನ ಬಾಯಿಯ ಹತ್ತಿರ ಹೋದ ಆ ಕೈ ಹಿಂದೆ ಸರಿಯಿತು. ಇಕ್ಕಳವನ್ನು ಡಾಕ್ಟರಮ್ಮನಿಗೆ ಕೊಟ್ಟು, ತಾನು ದೀಪ ಹಿಡಿದು ನಿಂತ.

ಹಲ್ಲು ಬಂತು. ಹತ್ತಿ ಕಚ್ಚಿದ ಕಾಕು ಕಿಟಕಿಯತ್ತ ನೋಡಿದಳು. ಬಸ್ಸು ಹೊರಟುಹೋಗಿತ್ತು. ಬೆಂಚಿನವರೆಲ್ಲ ಕತ್ತು ಚಾಚಿದರು. ಆಗ ಅವಳು ಚೀಲದೊಳಗಿಂದ ಸೂಜಿ ತೆಗೆದಳು, ದಾರ ತೆಗೆದಳು. ಎಡಗಣ್ಣಿನ ಎದುರಿಗೆ ಹಿಡಿದು, ಬಲಗಣ್ಣನ್ನು ಮುಚ್ಚಿ, ಒಂದೇ ಸಲಕ್ಕೆ ಪೋಣಿಸಿ, ಬಾಗಿಲಿನ ಕಡೆಗೆ ಎತ್ತಿ ತೋರಿಸಿದಳು.

"ಪೋಣಿಸಿದ್ಲ ಬೇ" ಎಂದಳು ಮುದುಕಿ. ಸೆರಗು ಸಿಕ್ಕಿಸಿಕೊಂಡು ಎದ್ದಳು. "ಸರೀರಿ, ನಂದ ಪಾಳಿ."

ಕಾಕಾನಿಗೆ ಅದು ಕೇಳಿಸಿತೋ ಇಲ್ಲವೋ. ಅವನ ಕೈಯ ದೀಪ ಜಾರಿ ತುಸು ಮೇಲಕ್ಕೆ ಸರಿದಿತ್ತು. ಬೆಳಕು ಕಾಕುವಿನ ಬಾಯಿ ದಾಟಿ ಹಣೆಯ ಮೇಲೆ, ಬೈತಲೆಯ ಮೇಲೆ ಬಿದ್ದಿತ್ತು. ತೊಳೆದಂತಾದ ಕಣ್ಣಿನಿಂದ ಅವನು ಅಲ್ಲಿಯೇ ನೋಡುತ್ತಿದ್ದ. ಹಲ್ಲುಗಳನ್ನಲ್ಲ.

"ನಿನ್ನ ಕೂದಲಾ ಯಾವಾಗ ಬೆಳ್ಳಗಾದ್ವು?" ಎಂದ.

ಬಾಯಿ ತುಂಬ ಹತ್ತಿ. ಕಾಕು ಏನು ಹೇಳಿಯಾಳು? ಎಂದಿನಂತೆ ಈ ಪ್ರಶ್ನೆಗೂ ಕಾಕಾ ತಾನೇ ಉತ್ತರ ಕೊಟ್ಟುಕೊಳ್ಳುತ್ತಾನೆಂದು ನಾನು ಕಾದೆ. ಅವನು ಕೊಡಲಿಲ್ಲ. ಸ್ಟೂಲನ್ನು ಕುರ್ಚಿಯ ಪಕ್ಕಕ್ಕೆ ಎಳೆದುಕೊಂಡು, ಮುದುಕಿಗೆ "ತಡೀವಾ" ಎಂದು ಕೈಮಾಡಿ, ಹತ್ತಿ ತೆಗೆಯುವ ಹೊತ್ತಾಗಲೆಂದು ಕಾಯುತ್ತ ಕುಳಿತ.