ಪತ್ತಾಯದೊಳಗೆ ಕೂತ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನಿಗೆ ಆನೆಯ ಹೆದರಿಕೆ ಇಲ್ಲ, ಚಿಕ್ಕಮ್ಮನ ಹೆದರಿಕೆಯೂ ಇಲ್ಲ. (ಎರಡನೆಯದು ಅವರದೇ ಹೇಳಿಕೆ, ನಾವು ಸಾಕ್ಷಿಯಲ್ಲ!) ಅವರಿಗಿದ್ದ ಹೆದರಿಕೆ ಒಂದೇ: ಮುಚ್ಚಿದ ಬಾಗಿಲು. ವಯನಾಡಿನ ಮುಳ್ಳನ್ಕೊಲ್ಲಿಯ ಮೆಣಸಿನ ತೋಟದಲ್ಲಿ ಒಂಟಿ ಸಲಗ ಎದುರಾದಾಗ "ಹೋಗಪ್ಪಾ, ನೀನೇ ಮುಂದೆ ಹೋಗು" ಎಂದು ಬದಿಗೆ ಸರಿದು ನಿಂತ ಧೀರರು, ಯಾರಾದರೂ ಕೋಣೆಯ ಚಿಲಕ ಹಾಕಿದರೆ ಬೆವರಿ ನೀರಾಗಿಬಿಡುತ್ತಿದ್ದರು.

ಮಳೆಗಾಲದಲ್ಲಿ ಅವರ ಜೊತೆ ಬತ್ತೇರಿಗೆ ಬಸ್ಸಿನಲ್ಲಿ ಹೋಗುವುದೆಂದರೆ ಪೂರ್ವಜನ್ಮದ ಕರ್ಮ. ನಮ್ಮ ಕಡೆಯ ಬಸ್ಸಿನ ಕಿಟಕಿಗಳಿಗೆ ಗಾಜಿಲ್ಲ, ಮಳೆ ಬಂದರೆ ಟಾರ್ಪಾಲಿನ ಪರದೆ ಇಳಿಸಬೇಕು. ಎಲ್ಲರೂ ಇಳಿಸಿದರೆ ಚಿಕ್ಕಪ್ಪ ತಮ್ಮದನ್ನು ಮೇಲಕ್ಕೆ ಸುತ್ತಿ ಕಟ್ಟಿ, ಕೊಡೆ ಬಿಚ್ಚಿ ಕೂರುತ್ತಿದ್ದರು. ಬಸ್ಸಿನೊಳಗೆ!

"ಚೇಟ್ಟಾ, ಷಟರ್ ಇಡೂ!" ಎಂದು, ಪರದೆ ಇಳಿಸಿ ಅಣ್ಣಾ ಅಂತ, ಕಂಡಕ್ಟರ್ ಮಲಯಾಳದಲ್ಲಿ ಕೂಗುತ್ತಿದ್ದ.

"ನೆನೀತಿರೋದು ನಾನು. ನಿಂಗೇನಪ್ಪ ಕಷ್ಟ?"

"ಗೌಡ್ರೇ, ನಿಮ್ಮ ಕೊಡೆ ನೀರೆಲ್ಲಾ ನನ್ನ ಮಡಿಲಿಗೆ ಬೀಳ್ತಿದೆ. ನಂಗೂ ಒಂದು ಕೊಡೆ ತರೋಕೆ ಹೇಳ್ಬೇಕಿತ್ತು ನೀವು!" ಎಂದು ಹಿಂದಿನ ಸೀಟಿನವರು.

ಮದುವೆಯ ರಾತ್ರಿಯ ಕಥೆಯನ್ನು ಚಿಕ್ಕಮ್ಮನ ಬಾಯಲ್ಲೇ ಕೇಳಬೇಕು. ಕೋಣೆಗೆ ಬಂದು ನೋಡಿದರೆ ಬಾಗಿಲೇ ಇಲ್ಲ. ಮದುಮಗ ಅದನ್ನು ಕಳಚಿ ಗೋಡೆಗೆ ಒರಗಿಸಿ, ಚೌಕಟ್ಟಿಗೆ ಒಂದು ಪರದೆ ಕಟ್ಟಿ, ಏನೂ ಆಗದವರ ಹಾಗೆ ಕೂತಿದ್ದರಂತೆ! "ಸೇರಿದ ಮನೇಲಿ ಬಾಗ್ಲಿಗೂ ಬಡತನ ಅಂದ್ಕೊಂಡೆ ಕಣೇ" ಎಂದು ಚಿಕ್ಕಮ್ಮ ಈಗಲೂ ನಗುತ್ತಾರೆ.

ಇಂಥ ಚಿಕ್ಕಮ್ಮನಿಗೆ ಒಂದು ವರ್ಷ ತಲೆನೋವು ಹಿಡಿಯಿತು. ಬರಬರುತ್ತಾ ಒಂದು ಕಣ್ಣೂ ಮಂಜಾಯಿತು. ತಲೆಯ ಸ್ಕ್ಯಾನ್ ಆಗಲೇಬೇಕು, ತಡಮಾಡಬೇಡಿ ಎಂದರು ಡಾಕ್ಟರು. ವಯನಾಡು ಜಿಲ್ಲೆಯಾಗಿ ಎಷ್ಟೋ ವರ್ಷವಾಗಿತ್ತು ನಿಜ, ಕಚೇರಿಗಳಿಗೆ ಬೋರ್ಡೂ ಬಂದಿತ್ತು. ಅಂಥ ಯಂತ್ರ ಮಾತ್ರ ಇನ್ನೂ ಘಾಟಿ ಹತ್ತಿರಲಿಲ್ಲ. ಕಲ್ಲಿಕೋಟೆಗೇ ಇಳಿಯಬೇಕು. ಕೋಣೆಯ ಬಾಗಿಲು ಭದ್ರವಾಗಿ ಮುಚ್ಚಿ, ಕೊಳವೆಯಂಥದ್ದರೊಳಗೆ ಮಲಗಿಸುತ್ತಾರೆ ಎಂದು ತಿಳಿದದ್ದೇ ತಡ, ಚಿಕ್ಕಮ್ಮ ಹಟ ಹಿಡಿದರು.

"ಇವ್ರು ಆ ಕೋಣೇಲಿ ನನ್ ಜೊತೆ ಕೂತ್ರೆ ಹೋಗ್ತೀನಿ. ಇಲ್ದಿದ್ರೆ ಇಲ್ಲ."

"ಬೇರೆ ಯಾರಾದ್ರೂ ಕೂತ್ರೆ ಆಗಲ್ವಾ?" ಎಂದರು ಚಿಕ್ಕಪ್ಪ, ಸಣ್ಣ ದನಿಯಲ್ಲಿ.

"ನನ್ನ ಕೈ ಹಿಡಿದಿದ್ದು ಬೇರೆ ಯಾರಾದ್ರೂನಾ?"

ಕೊನೆಗೆ ನನ್ನ ಅಮ್ಮ ಮೈದುನನಿಗೆ ಉಪಾಯ ಹೇಳಿದಳು: "ನೋಡಪ್ಪ, ಪತ್ತಾಯ ಖಾಲಿ ಇದೆ. ಅದರಲ್ಲಿ ಕೂತು ಅಭ್ಯಾಸ ಮಾಡ್ಕೊ." ಪತ್ತಾಯವೆಂದರೆ ಭತ್ತ ತುಂಬಿಡುವ ಮರದ ಪೆಟ್ಟಿಗೆ, ಮನುಷ್ಯ ಇಳಿದು ಕೂರುವಷ್ಟು ದೊಡ್ಡದು.

ಮೊದಲ ದಿನ ಚಿಕ್ಕಪ್ಪ ಮೆತ್ತನೆಯ ಪೊರಕೆ ಕೇಳಿದರು. ನಾವು ಜೈನರಲ್ಲವೆ, ಹುಳುವಿನ ಮೇಲೆ ಕಾಲಿಡುವ ಹಾಗಿಲ್ಲ. ಒಂದೊಂದೇ ನುಸಿಯನ್ನು ಬಾಳೆಲೆಗೆ ಹತ್ತಿಸಿ, ತೋಟದ ತುದಿಯವರೆಗೆ ನಡೆದು ಬಿಟ್ಟು ಬರುವಷ್ಟರಲ್ಲಿ ಮಧ್ಯಾಹ್ನವಾಯಿತು. ಅಹಿಂಸೆಯ ಮೇಲೆ ಅವರಿಗೆ ಅಷ್ಟು ಭಕ್ತಿ ಇರುವುದು ಅಲ್ಲಿಯವರೆಗೆ ನಮಗಾರಿಗೂ ಗೊತ್ತಿರಲಿಲ್ಲ! ಮರುದಿನ ಮುಚ್ಚಳ ಹಾಕಿದ್ದೇ ತಡ, ಒಳಗಿಂದ ಕೂಗು: "ಹೊತ್ತು ಮುಳುಗ್ತಾ ಬಂತೇನ್ರೋ? ಅಷ್ಟರೊಳಗೆ ಊಟ ಆಗ್ಬೇಕು!" ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಉಣ್ಣುವುದಿಲ್ಲ, ಸರಿ. ಆದರೆ ಅಡುಗೆಮನೆಯಲ್ಲಿ ಬೆಳಗಿನ ತಿಂಡಿಯ ತಟ್ಟೆಗಳನ್ನೇ ಇನ್ನೂ ತೊಳೆದಿರಲಿಲ್ಲ.

ಆಮೇಲೆ ಚಿಕ್ಕಮ್ಮನೇ ಪತ್ತಾಯಕ್ಕೆ ಒರಗಿ ಕೂರತೊಡಗಿದರು. ಮಡಿಲಲ್ಲಿ ಸೋಸುವ ಸೊಪ್ಪು, ಬಾಯಲ್ಲಿ ಮಾತು.

"ಏನೂಂದ್ರೆ, ತೆಗೀಲಾ?"

"ತೆಗಿ, ತೆಗಿ!"

ದಿನ ಕಳೆದಂತೆ ಅದು "ತಾಳು, ಸ್ವಲ್ಪ ಇರ್ಲಿ" ಎಂಬಲ್ಲಿಗೆ ಬಂತು. ಒಂದು ದಿನ ಚಿಕ್ಕಮ್ಮ ನೋವು ತಡೆಯಲಾಗದೆ, ತಲೆ ಹಿಡಿದುಕೊಂಡು ಮಾತು ನಿಲ್ಲಿಸಿಬಿಟ್ಟರು. ಒಳಗಿಂದ ದನಿ ಬಂತು: "ಇವಳೇ, ಇದ್ದೀಯಾ?" ಉತ್ತರ ಬರಲಿಲ್ಲ. ಚಿಕ್ಕಪ್ಪ ತಾವೇ ಮುಚ್ಚಳ ನೂಕಿ, ಮೈಯೆಲ್ಲ ಹೊಟ್ಟು ಮೆತ್ತಿಕೊಂಡು ಎದ್ದು ಬಂದು, "ನಾಳೆನೇ ಹೋಗೋಣ" ಎಂದರು. ಅವರ ನೆಪಗಳೆಲ್ಲ ಅಲ್ಲಿಗೆ ಮುಗಿದವು.

ಕಲ್ಲಿಕೋಟೆಯಲ್ಲಿ ನಾನೂ ಜೊತೆಗಿದ್ದೆ. ಮೈಮೇಲೆ ಲೋಹ ಇರಬಾರದು, ಎಲ್ಲ ತೆಗೆದಿಡಿ ಎಂದರು. ಚಿಕ್ಕಮ್ಮ ತಾಳಿ, ಓಲೆ ಬಿಚ್ಚಿ, ಆಸ್ಪತ್ರೆಯ ನಿಲುವಂಗಿ ತೊಟ್ಟು, ಬಿಟ್ಟ ಸೀರೆಯ ಜೊತೆ ನನ್ನ ಕೈಗೆ ಕೊಟ್ಟರು. ಚಿಕ್ಕಪ್ಪ ಪಂಚೆಯ ಸೊಂಟದಿಂದ ಮೆಲ್ಲಗೆ ಹೊರತೆಗೆದದ್ದು ಒಂದು ಸ್ಕ್ರೂಡ್ರೈವರ್!

"ಇದ್ಯಾಕೆ ಚಿಕ್ಕಪ್ಪಾ?"

"ಅಕಸ್ಮಾತ್ ಬಾಗ್ಲು ತೆರೀದೆ ಹೋದ್ರೆ?"

"ಪೇಡಿಕ್ಕಂಡಾ ಚೇಟ್ಟಾ" ಎಂದು, ಹೆದರಬೇಡಿ ಅಣ್ಣಾ ಅಂತ, ಯಂತ್ರ ನೋಡಿಕೊಳ್ಳುವ ಹುಡುಗಿ ನಗುತ್ತಾ ಕೈಚಾಚಿದಳು. ಚಿಕ್ಕಪ್ಪ ಅದನ್ನೊಮ್ಮೆ ನೋಡಿದರು, ಹೆಂಡತಿಯನ್ನೊಮ್ಮೆ ನೋಡಿದರು, ಕೊಟ್ಟುಬಿಟ್ಟರು. ಭಾರದ ಬಾಗಿಲು ಮುಚ್ಚಿತು.

ಗಾಜಿನ ಈಚೆಯಿಂದ ನನಗೆ ಕಾಣುತ್ತಿದ್ದದ್ದು ಕೊಳವೆಯಿಂದ ಹೊರಗುಳಿದ ಚಿಕ್ಕಮ್ಮನ ಪಾದಗಳು, ಅವನ್ನು ಎರಡೂ ಕೈಯಿಂದ ಹಿಡಿದು ಕಣ್ಣುಮುಚ್ಚಿ ಕೂತ ಚಿಕ್ಕಪ್ಪ. ಯಂತ್ರ ಗಡಗಡ ಎಂದಾಗಲೆಲ್ಲ ಆ ಪಾದಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಿದ್ದರು. ಒಮ್ಮೆಯೂ ಬಾಗಿಲ ಕಡೆ ತಿರುಗಲಿಲ್ಲ. ಹೆದರುವಂಥದ್ದೇನೂ ಇಲ್ಲ, ಮಾತ್ರೆಯಲ್ಲೇ ಗುಣವಾಗುತ್ತದೆ ಎಂದು ಡಾಕ್ಟರು ಆಮೇಲೆ ಹೇಳಿದರು, ಹಾಗೇ ಆಯಿತು. ಆದರೆ ಬಾಗಿಲು ತೆರೆದಾಗ ನಮಗೆ ಅದೊಂದೂ ಗೊತ್ತಿರಲಿಲ್ಲ. ಚಿಕ್ಕಪ್ಪನ ಅಂಗಿ ಹಿಂಡಿದರೆ ನೀರು ಬರುವಂತಿತ್ತು.

"ಭಯ ಆಗ್ಲಿಲ್ವಾ ನಿಮ್ಗೆ?" ಎಂದರು ಚಿಕ್ಕಮ್ಮ.

"ಆಗ್ದೆ ಇರ್ತದಾ? ಜೀವ ಬಾಯಿಗೆ ಬಂದಿತ್ತು."

"ಮತ್ತೆ ಎದ್ದು ಹೊರಗೆ ಹೋಗ್ಬಾರ್ದಿತ್ತಾ?"

"ನೀನು ಒಳಗಿದ್ದೆಯಲ್ಲೇ. ನಂಗೆ ಹೊರಗೆ ಏನಿತ್ತು?"

ಚಿಕ್ಕಮ್ಮ ನನ್ನ ಕೈಯಲ್ಲಿದ್ದ ತಮ್ಮ ಸೀರೆಯನ್ನು ಎಳೆದುಕೊಂಡು ಅವರ ಹಣೆ ಒರೆಸಿದರು. ಮತ್ತೆ ಅದರಲ್ಲೇ ತಮ್ಮ ಕಣ್ಣು ಒರೆಸಿಕೊಂಡು ನನ್ನತ್ತ ಚಾಚಿದರು, ನನಗೂ ಬೇಕಾಗಿತ್ತು.