ಅತ್ತೆಯ ಮೂಗಿನ ತುದಿ

ನಮ್ಮ ಸೋದರತ್ತೆಗೆ ಮೂಗಿನ ತುದಿಯಲ್ಲೇ ಕೋಪ ಎಂದು ಬಸವನಗುಡಿಯೆಲ್ಲ ಹೇಳುತ್ತಿತ್ತು. ಬಸವನಗುಡಿಗೆ ಗೊತ್ತಿದ್ದದ್ದು ಅರ್ಧ ಮಾತ್ರ. ಅವಳ ಮೂಗಿನ ತುದಿಯಲ್ಲಿ ಒಗ್ಗರಣೆಯೂ ಇತ್ತು! ಬೀದಿಯ ಈ ತುದಿಯಲ್ಲಿ ನಿಂತು ಆ ತುದಿಯ ಮನೆಯವರು ಸಾರಿಗೆ ಇಂಗು ಹಾಕಿದರೋ ಬೆಳ್ಳುಳ್ಳಿ ಹಾಕಿದರೋ ಹೇಳಬಲ್ಲಳು. ಬೆಳ್ಳುಳ್ಳಿ ತಿನ್ನುವುದಿಲ್ಲವೆಂದು ಊರಿಗೆಲ್ಲ ಹೇಳಿಕೊಂಡು ತಿರುಗುವವರು ಹಾಕಿದ್ದರೆ ಅದನ್ನೂ ಬೀದಿಯಲ್ಲಿ ನಿಂತೇ ಹೇಳಿಬಿಡುವಳು. ಇಂಥವಳನ್ನು ಯಾರು ತಾನೇ ಪ್ರೀತಿಯಿಂದ ಅರಿಸಿನ ಕುಂಕುಮಕ್ಕೆ ಕರೆದಾರು?

ನಗುವವರು ನಗಲಿ. ಆ ಮೂಗು ಇಲ್ಲದೆ ಇದ್ದಿದ್ದರೆ ಒಂದು ಮನೆ ತುಂಬ ಮಕ್ಕಳ ಗತಿ ಏನಾಗುತ್ತಿತ್ತು ಎಂದು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಉರಿ ಅತ್ತೆಯ ಮೇಲಲ್ಲ. ಯಾರ ಮೇಲೆ ಎಂದು ಹೇಳಲಿಕ್ಕೇ ಕೂತಿದ್ದೇನೆ.

ದೇಶಕ್ಕೆ ಸ್ವಾತಂತ್ರ್ಯ ಬಂದ ಹೊಸತು. ಗಾಂಧಿಬಜಾರಿಗೆ ಹತ್ತಿರದ ಒಂದು ಹೆಂಚಿನ ಮನೆಯಲ್ಲಿ ಅತ್ತೆ ಶಿಶುವಿಹಾರ ನಡೆಸುತ್ತಿದ್ದಳು. ನಾನು ಅಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದೆ, ಮೂಗು ಒರೆಸುತ್ತಿದ್ದೆ. ಒರೆಸುವುದೇ ಹೆಚ್ಚು. ಏಳನೆಯ ವಯಸ್ಸಿನಲ್ಲಿ ಸಿಡುಬಾಗಿ ಬದುಕಿದವಳು ಅತ್ತೆ. ಮುಖದ ತುಂಬ ಕಲೆ, ಹೊಸದಾಗಿ ಕುಟ್ಟಿಸಿದ ಬೀಸುವ ಕಲ್ಲಿನ ಹಾಗೆ. ಹೆಣ್ಣು ನೋಡಲು ಬಂದವರೆಲ್ಲ ಸಜ್ಜಿಗೆ ತಿಂದು, ಕಾಫಿ ಕುಡಿದು, ಊರಿಗೆ ಹೋಗಿ ಕಾಗದ ಬರೆಯುತ್ತೇವೆ ಎಂದು ಎದ್ದವರು. ಅವರಿಗೆ ಬರೆಯಲು ಬರುತ್ತಿರಲಿಲ್ಲವೆಂದು ಕಾಣುತ್ತದೆ.

ಮಕ್ಕಳಿಗೆ ಈ ನಾಜೂಕೆಲ್ಲ ಎಲ್ಲಿಯದು? ತೊಡೆಯೇರಿ ಕೂತು, ಕೆನ್ನೆಯ ಕುಳಿಯಲ್ಲಿ ಬೆರಳಿಟ್ಟು ಕೇಳುತ್ತಿದ್ದವು.

"ಅತ್ತೆ, ಇದೇನು ತೂತು?"

"ಕಿಂಡಿ ಕಣೋ. ಕೋಪ ಆಚೆಗೆ ಬರೋಕೆ. ಇದಿಲ್ದಿದ್ರೆ ನಾನು ಒಡೆದೇ ಹೋಗ್ತಿದ್ದೆ."

ಮಕ್ಕಳು ನಂಬಿದವು. ಅವಳನ್ನು ಬಲ್ಲ ದೊಡ್ಡವರೂ ನಂಬುತ್ತಿದ್ದರು. ಯಾವುದಾದರೂ ಮಗು ಮರೆತು 'ಅಮ್ಮಾ' ಎಂದು ಅವಳನ್ನು ಕರೆದರೆ ಮಾತ್ರ ಕೂಡಲೇ ತಿದ್ದುವಳು. "ನಾನು ಅತ್ತೆ. ಅಮ್ಮ ಮನೇಲಿದಾಳೆ. ಒಬ್ಬರ ಹೆಸರು ಇನ್ನೊಬ್ಬರಿಗೆ ಇಟ್ಟೂ ಇಟ್ಟೂನೇ ಈ ಊರು ಹಾಳಾಗಿರೋದು."

ಆ ಮಾತು ನಮ್ಮ ಊರಿನ ಒಂದು ರೂಢಿಗೆ ಬಿಟ್ಟ ಬಾಣ. ಆ ವರ್ಷ ಬೇಸಿಗೆಗೆ ಮೊದಲೇ ಸಿಡುಬು ಬಂದಿತ್ತು. ಪೇಟೆಯಲ್ಲಿ ಶುರುವಾಗಿ, ಚಾಮರಾಜಪೇಟೆ ದಾಟಿ, ನಮ್ಮ ಬೀದಿಗಳಿಗೂ ಕಾಲಿಟ್ಟಿತ್ತು. ಆದರೆ ಸಿಡುಬು ಎಂಬ ಮಾತನ್ನು ಯಾರೂ ಬಾಯಲ್ಲಿ ಆಡುವ ಹಾಗಿಲ್ಲ. 'ಅಮ್ಮ ಬಂದಿದ್ದಾಳೆ' ಎನ್ನಬೇಕು. ಅಮ್ಮ ಮನೆಯಲ್ಲಿ ಇರುವಷ್ಟು ದಿನ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಬೇಕು. ತಲೆ ಬಾಚಬಾರದು. ಒಲೆಯ ಮೇಲೆ ಎಣ್ಣೆ ಕಾಯಿಸಬಾರದು, ಒಗ್ಗರಣೆಯ ಸದ್ದು ಆಗಬಾರದು, ಸಪ್ಪೆ ಊಟವೇ ಗತಿ. ಹಿಂದಿನವರು ಇಷ್ಟನ್ನೂ ನಡೆಸಿಕೊಂಡು ಬಂದರು.

ನಮ್ಮ ಕಾಲದ ಓದಿದವರು ಒಂದು ತಿದ್ದುಪಡಿ ಮಾಡಿದರು. ಬಾಗಿಲಲ್ಲಿ ಬೇವು ಕಂಡರೆ ಮುನಿಸಿಪಾಲಿಟಿಯವರು ಬಂದು ಕಾಯಿಲೆಯವರನ್ನು ಊರಾಚೆಯ ಆಸ್ಪತ್ರೆಗೆ ಸಾಗಿಸುತ್ತಾರೆ, ಬೀದಿಯವರು ಬಾಯಿಗೆ ಬಂದದ್ದು ಆಡುತ್ತಾರೆ. ಆದ್ದರಿಂದ ಬೇವು ಬಾಗಿಲಿನಿಂದ ಇಳಿದು ಹಾಸಿಗೆಯ ಪಕ್ಕ ಸೇರಿತು. ಹೊರಗಿನಿಂದ ನೋಡಿದರೆ ಮನೆ ಎಂದಿನ ಹಾಗೇ. ಆ ಮನೆಯ ಮಗು ಎಂದಿನ ಹಾಗೇ ಚೀಲ ತಗುಲಿಸಿಕೊಂಡು ಶಿಶುವಿಹಾರಕ್ಕೆ ಬಂದು ಇತರ ಮಕ್ಕಳ ಪಕ್ಕ ಕೂರಬೇಕು. ಎಂಥ ಬುದ್ಧಿವಂತಿಕೆ ನೋಡಿ!

ಆಗ ಅತ್ತೆ ಕಂಡುಕೊಂಡ ಉಪಾಯವೇ ಮೂಗು. ಮುನಿಸಿಪಾಲಿಟಿಗೆ ಮೋಸ ಮಾಡುವ ಧೈರ್ಯ ಎಲ್ಲರಿಗೂ ಇದೆ, ದೇವಿಗೆ ಮೋಸ ಮಾಡುವ ಧೈರ್ಯ ಯಾರಿಗಿದೆ? ಬೇವು ಬಚ್ಚಿಟ್ಟವರೂ ಒಗ್ಗರಣೆ ಹಾಕಲು ಹೆದರುತ್ತಿದ್ದರು. ದಿನಾ ಬೆಳಗ್ಗೆ ಅತ್ತೆ ಗೇಟಿನ ಹತ್ತಿರ ಮುಕ್ಕಾಲಿ ಹಾಕಿಕೊಂಡು ಕೂತಳು. ಪ್ರತಿ ಮಗುವೂ ಮೊದಲು ಸೋಪು ಹಚ್ಚಿ ಕೈ ತೊಳೆಯಬೇಕು, ಆಮೇಲೆ ಊಟದ ಡಬ್ಬಿಯ ಮುಚ್ಚಳ ತೆಗೆದು ಅವಳ ಮೂಗಿನ ಕೆಳಗೆ ಹಿಡಿಯಬೇಕು. ಸಾಸಿವೆ, ಕರಿಬೇವಿನ ವಾಸನೆ ಬಂದರೆ ಒಳಕ್ಕೆ. ಸಪ್ಪೆಯಾಗಿದ್ದರೆ ಮನೆಯವರು ಬಂದು ಜವಾಬು ಹೇಳುವ ತನಕ ಜಗಲಿಯ ಮೇಲೆ ಬೇರೆ ಕೂರಬೇಕು.

ಊರು ಸುಮ್ಮನಿರುತ್ತದೆಯೇ? ಗುಮಾಸ್ತರೊಬ್ಬರ ಮಗಳು ಸಪ್ಪೆ ಚಿತ್ರಾನ್ನ ತಂದು ಸಿಕ್ಕಿಬಿದ್ದಾಗ ಆ ಹುಡುಗಿಯ ಅಜ್ಜಿ ಸೆರಗು ಬಿಗಿದುಕೊಂಡು ಬಂದರು.

"ನಮ್ಮನೇಲಿ ಯಾವ ಅಮ್ಮನೂ ಇಲ್ಲ ಕಣ್ರೀ. ನಾನು ನಾಲ್ಕು ದಿನ ಮಗಳ ಮನೇಗೆ ಹೋಗಿದ್ದೆ. ಸಾಸಿವೆ, ಎಣ್ಣೆ ಇಡೋ ಬೀರುವಿನ ಬೀಗದಕೈ ನನ್ನ ಸೊಂಟದಲ್ಲೇ ಉಳೀತು. ಅದಕ್ಕೆ ಸೊಸೆ ಒಗ್ಗರಣೆ ಹಾಕಿಲ್ಲ, ಅಷ್ಟೆ."

ಅತ್ತೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಹಾಗಾದ್ರೆ ನಿಮ್ಮನೇಲಿ ಕಾಯಿಲೆ ಇರೋದು ನಿಜ. ಅದಕ್ಕೆ ಮಾತ್ರ ಇನ್ನೂ ಮದ್ದು ಕಂಡುಹಿಡಿದಿಲ್ಲ. ಮಗು ಒಳಗೆ ಬರ್ಲಿ."

ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿ ಗೇಟಿನ ಬಳಿ ನಿಂತು ಬುದ್ಧಿ ಹೇಳಿದ ಹಿರಿಯರೂ ಇದ್ದರು. "ಸಿಡುಬು ಸಿಡುಬು ಅಂತ ಕೂಗ್ಬೇಡಿ ತಾಯಿ, ದೇವಿ ಮುನೀತಾಳೆ" ಎಂದರು. ಅತ್ತೆ ಮುಕ್ಕಾಲಿಯಿಂದ ಏಳಲೂ ಇಲ್ಲ. "ದೇವಿಗೂ ನನಗೂ ಏಳನೇ ವಯಸ್ಸಿಂದ ಪರಿಚಯ ಇದೆ. ನಾವಿಬ್ರೂ ಏಕವಚನದಲ್ಲೇ ಮಾತಾಡೋದು" ಎಂದಳು.

ಸಿಡುಬು ಬಾರದಂತೆ ತೋಳಿಗೆ ದಾಕು ಹಾಕುವವರು ಬಂದ ದಿನವೇ ನಮ್ಮ ಇನ್ಸ್‌ಪೆಕ್ಟರ್ ಸಾಹೇಬರೂ ತನಿಖೆಗೆ ಬಂದರು. ದಾಕಿನ ಮಹತ್ವದ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಿದರು. ಮಕ್ಕಳು ಚೀರುತ್ತಿದ್ದವು. ಅತ್ತೆ ವಿನಯವಾಗಿ, ಅವಳು ವಿನಯವಾಗಿದ್ದರೆ ಹೆದರಬೇಕು, "ನಿಮ್ಮ ತೋಳಿನ ಗುರುತು ಒಂದ್ಸಲ ತೋರಿಸಿ ಸಾರ್, ಮಕ್ಕಳಿಗೆ ಧೈರ್ಯ ಬರತ್ತೆ" ಎಂದಳು. ಸಾಹೇಬರು ಕೋಟಿನ ಗುಂಡಿಯನ್ನು ಬಹಳ ಹೊತ್ತು ಹುಡುಕಿದರು. ಗುಂಡಿ ಇತ್ತು, ಗುರುತು ಇರಲಿಲ್ಲ. ಅಂದು ಮಣೆಯ ಮೇಲೆ ಮೊದಲು ಕೂತವರು ಅವರೇ. ಅವರು ಚೀರಿದ್ದನ್ನು ಕೇಳಿ ಮಕ್ಕಳಿಗೆ ಎಷ್ಟು ಸಂತೋಷವಾಯಿತೆಂದರೆ ಉಳಿದವರೆಲ್ಲ ಸಾಲಾಗಿ ಬಂದು ತೋಳು ಕೊಟ್ಟರು.

ಅಂದು ಬಾರದೆ ಉಳಿದ ಮಗು ಒಂದೇ, ನಮ್ಮ ಅಧ್ಯಕ್ಷರ ಮೊಮ್ಮಗ ಪುಟ್ಟು.

ಈಗ ಬಂದೆ ನನ್ನ ಉರಿಯ ಮೂಲಕ್ಕೆ. ಅಧ್ಯಕ್ಷರು ಎಂದರೆ ಶಿಶುವಿಹಾರದ ಸಮಿತಿಯ ಅಧ್ಯಕ್ಷರು. ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು, ಜರಿ ಪೇಟ, ಬೆಳ್ಳಿ ಹಿಡಿಯ ಕೋಲು. ಪುಟ್ಟುವಿನ ತಂದೆ ರೈಲ್ವೆ ಕೆಲಸದ ಮೇಲೆ ಹುಬ್ಬಳ್ಳಿಯಲ್ಲಿದ್ದರು. ತಾಯಿ ಎರಡನೆಯ ಹೆರಿಗೆಗೆ ತುಮಕೂರಿನ ತವರಿಗೆ ಹೋಗಿದ್ದಳು. ನಾಲ್ಕು ವರ್ಷದ ಮಗು, ಅಜ್ಜ ಅಜ್ಜಿಯ ಮನೆಯಲ್ಲಿ ಅಮ್ಮನಿಗಾಗಿ ಹಂಬಲಿಸಿ ಕಡ್ಡಿಯಾಗಿತ್ತು. ದಿನಾ ಗೇಟಿನಲ್ಲಿ ಅತ್ತೆಯನ್ನು ಒಂದೇ ಪ್ರಶ್ನೆ ಕೇಳುವುದು: "ಅತ್ತೆ, ಅಮ್ಮ ಯಾವಾಗ ಬರ್ತಾಳೆ?" ಅತ್ತೆ ದಿನಾ "ಬರ್ತಾಳೆ ಕಣೋ" ಎನ್ನುವುದು.

ಒಂದು ಸೋಮವಾರ ಪುಟ್ಟು ಗೇಟಿನ ಆಚೆಯಿಂದಲೇ ಓಡಿಬಂದು ಹೇಳಿತು. "ಅತ್ತೆ, ನಮ್ಮನೇಲಿ ಅಮ್ಮ ಬಂದಿದಾಳೆ."

ಅತ್ತೆಯ ಮುಖ ಅಷ್ಟು ಅರಳಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. "ಬಂದ್ಲೇನೋ, ಬಂಗಾರ" ಎಂದು ಎತ್ತಿಕೊಂಡು ಮುದ್ದಿಟ್ಟು ಒಳಗೆ ಕಳಿಸಿದಳು. ಡಬ್ಬಿ ಮೂಸಲಿಲ್ಲ. ಆ ಮಾತಿನ ಇನ್ನೊಂದು ಅರ್ಥಕ್ಕಾಗಿ ಊರಿನ ಜೊತೆಯೆಲ್ಲ ಜಗಳಾಡಿದವಳು, ಮಗುವಿನ ಬಾಯಲ್ಲಿ ಬಂದಾಗ ಅದರ ನಿಜವಾದ ಅರ್ಥವನ್ನೇ ನಂಬಿಬಿಟ್ಟಳು.

ಊಟದ ಹೊತ್ತಿಗೆ ಪುಟ್ಟು ಡಬ್ಬಿ ತೆಗೆಯಿತು. ಬರೀ ಮೊಸರನ್ನ, ಒಂದು ಸಾಸಿವೆ ಕಾಳಿಲ್ಲ. ಅತ್ತೆಯ ಮೂಗು ಅರಳಿತು. ಮಗುವಿನ ತಲೆ ನೋಡಿದಳು. ಕೂದಲು ಬಾಚಿರಲಿಲ್ಲ, ಜಟೆಗಟ್ಟಿತ್ತು.

"ಹೆತ್ತವಳು ಬಂದಿದ್ರೆ ಮಗೂನ ಹೀಗೆ ಕಳಿಸ್ತಾಳೇನೇ?" ಎಂದಳು ನನಗೆ, ಬಹಳ ಮೆಲ್ಲಗೆ. ಆಮೇಲೆ ಮಂಡಿಯೂರಿ ಕೂತು, "ಪುಟ್ಟು, ಅಮ್ಮ ಎಲ್ಲಿ ಬಂದಿದಾಳೋ?" ಎಂದು ಕೇಳಿದಳು.

"ಚಿಕ್ಕಪ್ಪನ ಮೈಮೇಲೆ. ಅಜ್ಜಿ ಹೇಳಿದ್ರು. ನಮ್ಮಮ್ಮ ಇನ್ನೂ ಒಳಗಡೇನೇ ಇದಾಳೆ ಅನ್ಸತ್ತೆ. ಕಾಣಿಸ್ಲಿಲ್ಲ."

ಆ ಮಗು ಬೆಳಗ್ಗೆಯಿಂದ ಕಾಯಿಲೆಯ ಕೋಣೆಯ ಬಾಗಿಲಲ್ಲಿ ಅಮ್ಮನನ್ನು ಹುಡುಕಿ ಬಂದಿತ್ತು!

ಮಧ್ಯಾಹ್ನದೊಳಗೆ ಎಲ್ಲ ಮಕ್ಕಳನ್ನೂ ಮನೆಗೆ ಕಳಿಸಿ ಶಿಶುವಿಹಾರ ಮುಚ್ಚಿದೆವು. ಯಾವ ಮನೆಯ ಕಾಯಿಲೆ ಎಂದು ಮರೆಮಾಚದೆ ಪ್ರತಿ ತಾಯಿಗೂ ಹೇಳಿದೆವು. ಪುಟ್ಟುವಿಗೆ ಅಂದೇ ದಾಕು ಹಾಕಿಸಿ ಹಿತ್ತಲ ಕೋಣೆಯಲ್ಲಿ ಇಟ್ಟುಕೊಂಡಳು ಅತ್ತೆ. ಸಂಜೆ ಅಧ್ಯಕ್ಷರು ಬಂದರು, ಕೋಲು ಕುಟ್ಟುತ್ತ.

"ನೋಡಿಯಮ್ಮಾ," ಎಂದು ಶುರು ಮಾಡಿದರು.

"ಆ ಪದ ಇವತ್ತು ಬೇಡ ರಾಯರೇ."

"ನನ್ನ ಮಗಳ ಮದುವೆ ಹತ್ತಿರ ಬಂತು. ಬೀಗರ ಕಿವಿಗೆ ಬಿದ್ರೆ ಏನು ಗತಿ? ಮಗೂನ ಕಳಿಸದೆ ಇದ್ದಿದ್ರೆ ಬೀದಿಯೋರಿಗೆ ಅನುಮಾನ ಬರ್ತಿತ್ತು. ಅದಕ್ಕೆ ಕಳಿಸ್ದೆ. ಶಿಷ್ಟಾಚಾರ ಏನೂ ಬಿಟ್ಟಿಲ್ಲ ನಾವು. ಒಗ್ಗರಣೆ ಹಾಕ್ತಿಲ್ಲ, ಪೂಜೆ ನಡೀತಿದೆ."

ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ.

"ಬೇವು ಯಾಕೆ ಕಟ್ಲಿಲ್ಲ?" ಅತ್ತೆ ಕೇಳಿದಳು. "ಒಗ್ಗರಣೆ ಬಿಟ್ರಿ, ಬಾಚಣಿಗೆ ಬಿಟ್ರಿ. ಬೇವು ಮಾತ್ರ ಯಾಕೆ ಕಟ್ಲಿಲ್ಲ? ಬೇವು ಕಟ್ಟೋದು ದೇವಿಗಲ್ಲ ಸ್ವಾಮಿ, ಬೀದಿಗೆ. ಈ ಮನೆಗೆ ಬರಬೇಡಿ, ನಿಮ್ಮ ಮಕ್ಕಳನ್ನ ಕಾಪಾಡ್ಕೊಳ್ಳಿ ಅಂತ ಹೇಳೋಕೆ. ಓದು ಬರಹ ಬರದಿದ್ದ ನಮ್ಮಜ್ಜಿ ನನಗೆ ಸಿಡುಬಾದಾಗ ಮೊದಲು ಮಾಡಿದ್ದು ಅದು. ನೀವು ಓದಿದೋರು. ಇಡೀ ಪದ್ಧತೀಲಿ ಇನ್ನೊಬ್ಬರಿಗೆ ಉಪಕಾರ ಆಗೋದು ಅದೊಂದೇ, ಅದನ್ನೇ ಕಿತ್ತು ಬಿಸಾಕಿದ್ರಿ."

"ನಾನು ಈ ಸಂಸ್ಥೆ ಅಧ್ಯಕ್ಷ, ನೆನಪಿರ್ಲಿ."

"ನೆನಪಿದೆ. ಅದಕ್ಕೇ ನಿಮ್ಮ ಡಬ್ಬಿ ಮೂಸ್ಲಿಲ್ಲ ಅಂತ ಊರು ಅಂದ್ಕೊಳತ್ತೆ. ಈಗ ಹೋಗಿ ಬಾಗಿಲಿಗೆ ಬೇವು ಕಟ್ಟಿ. ನೀವು ಕಟ್ಟದಿದ್ರೆ ನಾನೇ ಬಂದು ಕಟ್ತೀನಿ."

ಅವರು ಕಟ್ಟಲಿಲ್ಲ. ಮಾರನೆಯ ಬೆಳಗ್ಗೆ ಅವಳೇ ಹೋಗಿ ಬೇವಿನ ದೊಡ್ಡ ಕೊಂಬೆಯನ್ನೇ ಅವರ ಗೇಟಿಗೆ ಕಟ್ಟಿ ಬಂದಳು. ಮದುವೆ ಮುಂದಕ್ಕೆ ಹೋಯಿತು. ಚಿಕ್ಕಪ್ಪ ಬದುಕಿದ. ಅಧ್ಯಕ್ಷರು ಅಧ್ಯಕ್ಷರಾಗಿಯೇ ಉಳಿದರು, ಮುಂದಿನ ವಾರ್ಷಿಕೋತ್ಸವದಲ್ಲಿ ಮಕ್ಕಳ ಆರೋಗ್ಯದ ಬಗ್ಗೆ ಭಾಷಣವನ್ನೂ ಮಾಡಿದರು. ನಾವು ಚಪ್ಪಾಳೆ ತಟ್ಟಬೇಕಾಗಿತ್ತು, ನಾನು ತಟ್ಟಲಿಲ್ಲ. ಇಷ್ಟು ವರ್ಷವಾದರೂ ಆ ಭಾಷಣ ನೆನಪಾದರೆ ನನ್ನ ಕೈ ಮುಷ್ಟಿಯಾಗುತ್ತದೆ.

ಪುಟ್ಟುವಿಗೆ ಹಿತ್ತಲ ಕೋಣೆಯಲ್ಲಿ ಜ್ವರ ಬಂತು, ಆಮೇಲೆ ಮೈಮೇಲೆ ಬೊಕ್ಕೆ ಎದ್ದಿತು. ದಾಕು ಹಾಕಿಸಿದ್ದರಿಂದ ಜೋರಾಗಲಾರದು ಎಂದು ಡಾಕ್ಟರು ಹೇಳಿದರು, ಗಟ್ಟಿಯಾಗಿ ಹೇಳಲಿಲ್ಲ. ಬಸುರಿ ತಾಯಿ ಈ ಕಡೆ ತಲೆ ಹಾಕಕೂಡದೆಂದು ಅತ್ತೆ ತುಮಕೂರಿಗೆ ಹೇಳಿಕಳಿಸಿದಳು. "ನನಗೆ ಒಂದ್ಸಲ ಆಗಿದೆ, ಇನ್ನು ಬರಲ್ಲ" ಎಂದು ಒಳಗಿನಿಂದ ಅಗುಳಿ ಹಾಕಿಕೊಂಡಳು. ಶಿಶುವಿಹಾರದ ಬಾಗಿಲಿಗೆ ತಾನೇ ಬೇವು ಕಟ್ಟಿಸಿದಳು. ನಾನು ಕಿಟಕಿಯಲ್ಲಿ ಸಪ್ಪೆ ಗಂಜಿ ಇಟ್ಟು ಬರುತ್ತಿದ್ದೆ. ಡಾಕ್ಟರು ಒಗ್ಗರಣೆ ಬೇಡ ಎಂದಿರಲಿಲ್ಲ. ಬೇಡ ಎಂದವಳು ಅತ್ತೆಯೇ. ಏಕೆಂದು ಕೇಳಿದರೆ, "ದೇವಿ ಹತ್ರ ಈಗ ಜಗಳ ಬೇಡ ಕಣೇ, ಮಗು ಅವಳ ಕೈಲಿದೆ" ಎಂದಳು.

ಜ್ವರ ಏರಿದ್ದ ಒಂದು ಮಧ್ಯಾಹ್ನ ಗಂಜಿ ಇಡಲು ಹೋದಾಗ ಒಳಗಿನಿಂದ ಕ್ಷೀಣವಾದ ದನಿ ಕೇಳಿಸಿತು.

"ಅಮ್ಮ ಬಂದಿದಾಳಾ?"

ನಾನು ಕಿಟಕಿಯಲ್ಲೇ ನಿಂತೆ. ಅತ್ತೆ ಈಗ ತಿದ್ದುತ್ತಾಳೆ ಎಂದುಕೊಂಡೆ.

"ಬಂದಿದಾಳೆ ಕಂದ," ಎಂದಳು ಅತ್ತೆ. "ಇಲ್ಲೇ ಕೂತಿದಾಳೆ ನೋಡು. ಕೈ ಕೊಡು."

ಬೊಕ್ಕೆ ಬಾಡಿತು. ಉಳಿದ ಮಕ್ಕಳಲ್ಲಿ ಒಬ್ಬರಿಗೂ ತಗುಲಲಿಲ್ಲ. ಬೇವಿನ ನೀರು ಹಾಕಿದ ದಿನ ಅತ್ತೆ ಅಗುಳಿ ತೆಗೆದು ಪುಟ್ಟುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಆಚೆ ಬಂದಳು. ಅರ್ಧಕ್ಕರ್ಧ ಇಳಿದುಹೋಗಿದ್ದಳು. ಮಗು ತನ್ನ ಕೆನ್ನೆ ಮುಟ್ಟಿ ನೋಡಿಕೊಂಡಿತು, ಆಮೇಲೆ ಅವಳ ಕೆನ್ನೆ ಮುಟ್ಟಿತು.

"ಅತ್ತೆ, ನಂಗೂ ಕಿಂಡಿ ಬಂದಿದೆ. ಇನ್ಮೇಲೆ ನಂಗೂ ಕೋಪ ಬರತ್ತಾ?"

"ಬರಬೇಕು ಕಣೋ," ಎಂದಳು ಅತ್ತೆ. "ದೊಡ್ಡೋನಾದ್ಮೇಲೆ ಚೆನ್ನಾಗಿ ಕೋಪ ಮಾಡ್ಕೋ. ನನ್ನೊಬ್ಬಳ ಕೈಲಿ ಸಾಕಾಗಲ್ಲ."

ಆಮೇಲೆ ನನ್ನ ಕಡೆ ತಿರುಗಿ, ಎಂದಿನ ಹಾಗೆ ಗದರಿದಳು. "ಅಳ್ತಾ ನಿಂತಿದೀಯಲ್ಲೇ. ಹೋಗು, ಮಗೂಗೆ ಹಸಿವು. ಒಗ್ಗರಣೆ ಹಾಕು."

ನಾನು ಒಳಗೆ ಹೋಗಿ ಎಣ್ಣೆ ಕಾಯಲು ಇಟ್ಟೆ.